ತೋಳಿನ ಅಳತೆ

ಅವಳಿಗೆ ಸ್ವಂತ ಬುದ್ಧಿ ಇರಲಿಲ್ಲ. ದಡ್ಡಿ ಎಂದಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಆದರೆ ಕೊನೆಗೆ ಯಾರು ಮಾತಾಡಿದರೋ ಅವರ ಮಾತೇ ಅವಳ ಮಾತು. ಒಬ್ಬರು ಕಿಟಕಿ ತೆರೆ ಎಂದರೆ ತೆರೆಯುವಳು, ಐದು ನಿಮಿಷದಲ್ಲಿ ಇನ್ನೊಬ್ಬರು ಬಂದು ಮುಚ್ಚು ಎಂದರೆ ಮುಚ್ಚುವಳು, ನಿನಗೆ ಸೆಕೆಯೋ ಚಳಿಯೋ ಎಂದು ಕೇಳಿದರೆ ಸುಮ್ಮನೆ ನಗುವಳು. ಕೋಲೆ ಬಸವ ಕೂಡ ಒಬ್ಬ ಯಜಮಾನನಿಗೆ ಮಾತ್ರ ತಲೆಯಾಡಿಸುತ್ತದೆ. ಇವಳು ಊರಿಗೆಲ್ಲ ಆಡಿಸುತ್ತಿದ್ದಳು.

ಕೆಲಸ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ. ಅಲ್ಲಿ ಇಡೀ ಅಂಗಿಯನ್ನು ಯಾರೂ ಹೊಲಿಯುವುದಿಲ್ಲ. ಒಬ್ಬಳದು ಕಾಲರು, ಒಬ್ಬಳದು ಜೇಬು, ಒಬ್ಬಳದು ಗುಂಡಿ ತೂರಿಸುವ ಗುಂಡಿಮನೆ. ಇವಳ ಪಾಲಿಗೆ ಬಂದದ್ದು ತೋಳು. ಕತ್ತರಿಸಿದ ತೋಳುಗಳ ಕಟ್ಟು ಎಡಗಡೆ ಬಂದು ಬೀಳುತ್ತಿತ್ತು, ತೋಳು ಕೂಡಿದ ಅಂಗಿ ಬಲಗಡೆ ಹೋಗುತ್ತಿತ್ತು. ಹನ್ನೊಂದು ವರ್ಷ ಇದೇ. ಅವಳು ಕೂಡಿಸಿದ ತೋಳು ಕಂಕುಳಲ್ಲಿ ಹಿಡಿಯುತ್ತದೆ ಎಂದು ಒಂದು ಅಂಗಿಯೂ ವಾಪಸು ಬಂದದ್ದಿಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ತೋಳಿನಕ್ಕ ಎನ್ನುತ್ತಿದ್ದರು. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ವಯಸ್ಸು ಮೂವತ್ತನಾಲ್ಕು, ತೂಕ ತೊಂಬತ್ತೆಂಟು ಕಿಲೋ. ಮದುವೆಯಾದ ಮೂರನೇ ವರ್ಷ ಒಂದು ಬಸಿರು ಹತ್ತು ವಾರಕ್ಕೇ ಹೋಗಿತ್ತು. ಯಾಕೆ ಹೋಯಿತು ಎಂದು ಡಾಕ್ಟರೂ ಹೇಳಲಾರದೆ ಹೋದರು. ಮಿಕ್ಕವರಿಗೆ ಮಾತ್ರ ಅನುಮಾನವೇ ಇರಲಿಲ್ಲ: ಮೈ ಭಾರ, ಅದಕ್ಕೇ. ಇವಳು ಅದಕ್ಕೂ ತಲೆಯಾಡಿಸಿದ್ದಳು. ಈಗ ನಾಲ್ಕು ವರ್ಷದ ಮೇಲೆ ಮತ್ತೆ ನಿಂತಿತ್ತು. ಇದನ್ನು ಉಳಿಸಿಕೊಳ್ಳಬೇಕು ಎನ್ನುವುದೊಂದೇ ಅವಳಿಗೆ ಸ್ಪಷ್ಟವಾಗಿದ್ದ ವಿಷಯ. ಹೇಗೆ ಎನ್ನುವುದು ಮಾತ್ರ ಹತ್ತು ಜನರ ಬಾಯಲ್ಲಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ನೇರ ಮಾತಿನವರು. "ತೂಕ ಜಾಸ್ತಿ ಇದೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಅದಕ್ಕೆ ಬಯ್ಯೋಕೆ ನಾನಿಲ್ಲಿ ಕೂತಿಲ್ಲ. ಈಗ ಇಳಿಸೋಕೆ ಹೋಗಬೇಡ. ಹಾಗಂತ ಇಬ್ಬರ ಊಟಾನೂ ಬೇಡ. ಹೆರಿಗೆ ಹೊತ್ತಿಗೆ ಐದರಿಂದ ಒಂಬತ್ತು ಕಿಲೋ ಏರಿದರೆ ಸಾಕು. ದಿನಾ ಅರ್ಧ ಗಂಟೆ ನಡಿ. ಶುಗರು, ಬಿಪಿ ತಪ್ಪದೆ ನೋಡಿಸು."

"ಹೂಂ ಡಾಕ್ಟ್ರೇ."

ತಿನ್ನು, ತಿನ್ನಬೇಡ, ಏರು, ಏರಬೇಡ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿದೆ ಎಂದುಕೊಂಡು ಅವಳು ಮನೆಗೆ ಬಂದಳು. ಮನೆಯಲ್ಲಿ ಆ ದೀಪವನ್ನು ಒಬ್ಬೊಬ್ಬರು ಒಂದೊಂದು ಕಡೆಗೆ ಎಳೆದರು.

ಅತ್ತೆ ಎರಡು ತಟ್ಟೆಯಷ್ಟನ್ನು ಒಂದೇ ತಟ್ಟೆಗೆ ಬಡಿಸಿದರು. "ನೀನು ಹಸಿದುಕೊಂಡಿದ್ದರೆ ಒಳಗಿರೋದು ಏನು ತಿನ್ನುತ್ತೆ, ನಿನ್ನ ತಲೆಕೂದಲಾ? ಉಣ್ಣು ಸುಮ್ಮನೆ."

ಉಂಡಳು. ಸಂಜೆ ನಾದಿನಿ ಬಂದಳು. ನಾದಿನಿಗೆ ಔಷಧದ ಅಂಗಡಿಯಲ್ಲಿ ಕೆಲಸ. ಮಾತ್ರೆಗಳ ಹೆಸರೆಲ್ಲ ಬಾಯಿಪಾಠ, ಆದ್ದರಿಂದ ಅರ್ಧ ಡಾಕ್ಟರು. "ಅತ್ತಿಗೆ, ತಪ್ಪು ತಿಳ್ಕೋಬೇಡಿ, ನೀವು ಮೊದಲೇ ಇಬ್ಬರಷ್ಟಿದ್ದೀರಿ. ಇನ್ನು ಇಬ್ಬರ ಊಟ ಅಂದ್ರೆ ಮೂವರದ್ದಾಗುತ್ತೆ. ನನ್ನ ಮಾತು ಕೇಳಿ. ಮಧ್ಯಾಹ್ನ ಒಂದು ಹಣ್ಣು, ಸಂಜೆ ಸೌತೆಕಾಯಿ. ಅಷ್ಟೇ."

ಅದೂ ಆಯಿತು. ಬೆಳಿಗ್ಗೆ ಅತ್ತೆಯ ಕಣ್ಣೆದುರು ಎರಡು ಪಾಲು, ಮಧ್ಯಾಹ್ನ ಕಾರ್ಖಾನೆಯಲ್ಲಿ ಡಬ್ಬಿಯನ್ನು ಗುಂಡಿಮನೆಯವಳಿಗೆ ಕೊಟ್ಟು ತಾನು ಒಂದು ಹಣ್ಣು. ಒಂದು ತಿಂಗಳು ಮೂರು ಕಿಲೋ ಏರಿದಳು, ಮುಂದಿನ ತಿಂಗಳು ಒಂದು ಇಳಿದಳು. ನಡೆ ಎಂದಿದ್ದರು ಡಾಕ್ಟರಮ್ಮ. ಮೆಟ್ಟಿಲು ಹತ್ತಿ ಎಂದಳು ನಾದಿನಿ. ಜಾಸ್ತಿ ಓಡಾಡಿದರೆ ಮಗುವಿನ ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿಕೊಳ್ಳುತ್ತದೆ ಎಂದರು ಅತ್ತೆ. ಎತ್ತು ಏರಿಗೆ, ಕೋಣ ನೀರಿಗೆ. ಅತ್ತೆ ಸ್ನಾನಕ್ಕೆ ಹೋದಾಗ ಮಾತ್ರ ಅವಳು ಅಂಗಳದಲ್ಲಿ ಸುತ್ತು ಹಾಕುತ್ತಿದ್ದಳು, ನೀರಿನ ಸದ್ದು ನಿಂತ ಕೂಡಲೇ ಕುರ್ಚಿಗೆ ಬಂದು ಕೂರುತ್ತಿದ್ದಳು.

ಗಂಡ ಲಿಫ್ಟು ರಿಪೇರಿಯವನು. ಒಂದು ದಿನ ಅವನನ್ನೇ ಕೇಳಿದಳು, "ನೀವೇ ಹೇಳಿ, ನಾನು ಯಾರ ಮಾತು ಕೇಳಲಿ?"

ಅವನು ಬಹಳ ಹೊತ್ತು ಯೋಚಿಸಿದ. "ಎಲ್ಲರೂ ಹೇಳೋದ್ರಲ್ಲೂ ಸ್ವಲ್ಪ ಸ್ವಲ್ಪ ನಿಜ ಇರಬಹುದು," ಎಂದ.

ಏಳನೇ ತಿಂಗಳು ಬಂತು. ಹೊಟ್ಟೆ ಮಾತ್ರ ಎದ್ದು ಕಾಣಲಿಲ್ಲ. "ಎಲ್ಲಿದೆಯೇ ನಿನ್ನ ಬಸಿರು, ಮೊದಲಿನ ಹಾಗೇ ಇದೀಯಲ್ಲ," ಎಂದಳು ಕಾಲರಿನವಳು, ತಮಾಷೆಗೆ. ಒಳಗೆ ಏನೋ ಒದ್ದಂತಾಗುತ್ತದೆ ಎಂದು ಇವಳು ಹೇಳಿದರೆ ಗುಂಡಿಮನೆಯವಳು, "ಗ್ಯಾಸು ಇರಬೇಕು, ನನಗೂ ಹಾಗೇ ಆಗುತ್ತೆ," ಎಂದಳು. ಹಾಗೆಂದವಳಿಗೆ ಬಸಿರೇ ಇರಲಿಲ್ಲ.

ಆ ಸಂಜೆ ತೋಳಿನಕ್ಕ ಪೆಟ್ಟಿಗೆಯಿಂದ ಒಂದು ಚೀಟಿ ತೆಗೆದಳು. ನಾಲ್ಕನೇ ತಿಂಗಳಲ್ಲಿ, ಮುಂದೆ ಬೇಕಾಗುತ್ತದೆ ಎಂದು, ಕಾರ್ಖಾನೆಯ ಕಟಿಂಗ್ ಮಾಸ್ತರು ಅವಳಿಗೊಂದು ಅಂಗಿ ಕತ್ತರಿಸಿಕೊಟ್ಟಿದ್ದರು. ಅದರ ಅಳತೆ ಚೀಟಿ ಇದು. ಹೊಟ್ಟೆಯ ಸುತ್ತಳತೆ ನಲವತ್ತೆಂಟು ಇಂಚು ಎಂದು ಮಾಸ್ತರ ಕೈಬರಹದಲ್ಲಿತ್ತು. ಅವಳು ಬಾಗಿಲು ಹಾಕಿಕೊಂಡು ಟೇಪು ಸುತ್ತಿ ನೋಡಿದಳು. ನಲವತ್ತೆಂಟು. ಇನ್ನೊಮ್ಮೆ, ಉಸಿರು ಬಿಟ್ಟು ನೋಡಿದಳು. ನಲವತ್ತೆಂಟು. ಮೂರು ತಿಂಗಳಲ್ಲಿ ಒಂದು ನೂಲಿನಷ್ಟೂ ಹೆಚ್ಚಿರಲಿಲ್ಲ.

ಮಗು ಬೆಳೆಯುತ್ತಿಲ್ಲ ಎಂದು ಅವಳು ತೀರ್ಮಾನಿಸಿದಳು. ಅತ್ತೆ, "ಸೌತೆಕಾಯಿ ತಿನ್ನಿಸಿ ಮಗೂನ ಒಣಗಿಸಿದಳು," ಎಂದು ಮಗಳನ್ನು ದೂರಿದರು. ನಾದಿನಿ, "ನಿನ್ನ ಎರಡು ತಟ್ಟೆ ಅನ್ನಾನೇ ಅಡ್ಡ ಬಂದಿರೋದು," ಎಂದು ತಾಯಿಯನ್ನು ದೂರಿದಳು. ಬೆಳಗಾಗುತ್ತಲೇ ಮೂವರೂ ಆಸ್ಪತ್ರೆಯಲ್ಲಿದ್ದರು.

ನರ್ಸು ಮೊದಲು ತೂಕ ನೋಡಿದಳು, ಆಮೇಲೆ ತೋಳಿಗೆ ಬಿಪಿ ಪಟ್ಟಿ ಸುತ್ತಿದಳು. ಗಾಳಿ ತುಂಬುತ್ತಿದ್ದಂತೆ ಪಟ್ಟಿಯ ಅಂಟು ಪರ್ರೆಂದು ಬಿಟ್ಟುಕೊಂಡಿತು. ಮತ್ತೆ ಸುತ್ತಿ, ಈ ಸಲ ಕೈಯಿಂದಲೇ ಒತ್ತಿ ಹಿಡಿದಳು. ನೂರ ಐವತ್ತೆಂಟು, ನೂರಾ ಎರಡು. ಹತ್ತು ನಿಮಿಷ ಬಿಟ್ಟು ನೋಡಿದರೂ ಅದೇ.

ಡಾಕ್ಟರಮ್ಮ ಸ್ಕ್ಯಾನ್ ಮಾಡಿದರು. "ಯಾರು ಹೇಳಿದ್ದು ಮಗು ಬೆಳೆದಿಲ್ಲ ಅಂತ? ವಾರಕ್ಕೆ ತಕ್ಕ ಹಾಗೇ ಇದೆ. ಎದೆಬಡಿತಾನೂ ಚೆನ್ನಾಗಿದೆ." ಆಮೇಲೆ ಫೈಲು ತೆರೆದು ನೋಡಿದರು. "ಬಿಪಿ ಮಾತ್ರ ಸರಿ ಇಲ್ಲ. ಇವತ್ತೇ ದಾಖಲಾಗು. ಮಾತ್ರೆ ಶುರು ಮಾಡೋಣ. ಇಳಿಯದೇ ಇದ್ದರೆ ಮಗೂನ ಬೇಗ ತೆಗೀಬೇಕಾಗುತ್ತೆ."

"ಬೇಗ ಅಂದ್ರೆ?"

"ಈಗಿನ್ನೂ ಇಪ್ಪತ್ತೊಂಬತ್ತು ವಾರ. ಎಷ್ಟು ಬೇಗ ಅಂತ ನಾನೂ ಹೇಳಲಾರೆ. ಹೊರಗೆ ಕೂತಿರು, ಮೂತ್ರ ಪರೀಕ್ಷೆಗೆ ಕೊಡು, ಹಾಸಿಗೆ ನೋಡ್ತಾರೆ."

ಹೊರಗಿನ ಬೆಂಚಿನ ಮೇಲೆ ಅತ್ತೆ ಎಡಕ್ಕೆ, ನಾದಿನಿ ಬಲಕ್ಕೆ. ಮನೆಗೆ ನಡಿ, ಇಲ್ಲಿ ಮಲಗಿದರೆ ಇಲ್ಲದ ರೋಗ ಬರುತ್ತೆ ಎಂದರು ಅತ್ತೆ. ಹೂಂ ಎಂದಳು. ದಾಖಲಾಗಿ ಅತ್ತಿಗೆ, ಬಿಪಿ ಜೊತೆ ಆಟ ಬೇಡ ಎಂದಳು ನಾದಿನಿ. ಅದಕ್ಕೂ ಹೂಂ. ಮಗು ಬೆಳೆದಿದೆ ಎನ್ನುತ್ತದೆ ಯಂತ್ರ, ಇಲ್ಲ ಎನ್ನುತ್ತದೆ ಟೇಪು. ಯಂತ್ರ ಸುಳ್ಳು ಹೇಳೀತು. ಹನ್ನೊಂದು ವರ್ಷದಲ್ಲಿ ಟೇಪು ಅವಳಿಗೆ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ತಲೆ ಕೆಟ್ಟು ಅವಳು ಕಟಿಂಗ್ ಮಾಸ್ತರಿಗೆ ಫೋನು ಮಾಡಿದಳು.

"ಮಾಸ್ತರೇ, ನನ್ನ ಅಂಗಿಯ ಚೀಟೀಲಿ ನಲವತ್ತೆಂಟು ಅಂತ ಬರೆದಿದ್ರಲ್ಲ, ಅದು ಸರಿಯಾದ ಅಳತೇನಾ?"

"ಸರಿಯಿಲ್ಲದೆ ಏನಮ್ಮ. ನಿನ್ನ ಮೈ ನಲವತ್ತನಾಲ್ಕಿತ್ತು. ನಾಲ್ಕಿಂಚು ಸಡಿಲ ಸೇರಿಸಿ ಬರೆದೆ. ಮೈಯಳತೆಗೇ ಕತ್ತರಿಸಿದರೆ ಉಸಿರಾಡೋದೆಲ್ಲಿ ನೀನು? ಹೊಲಿಗೆ ಬಿಟ್ಟುಹೋಗಲ್ವಾ?"

ತೋಳಿನಕ್ಕ ಫೋನು ಇಟ್ಟಳು. ಇಷ್ಟು ಸಣ್ಣ ವಿಷಯ ಹೊಲಿಗೆಯವಳಿಗೆ ಹೊಳೆಯಲಿಲ್ಲವೇ ಎಂದರೆ, ಹೊಳೆಯಲಿಲ್ಲ. ಅವಳ ಕೈಗೆ ಬರುತ್ತಿದ್ದುದೆಲ್ಲ ಸಡಿಲ ಸೇರಿಸಿ ಕತ್ತರಿಸಿದ ಬಟ್ಟೆ. ಯಾರ ಬರಿಮೈಯ ಅಳತೆಯನ್ನೂ ಅವಳು ಚೀಟಿಯಲ್ಲಿ ಕಂಡವಳಲ್ಲ. ಹಾಗಾದರೆ ನಾಲ್ಕಿಂಚು ಬೆಳೆದಿತ್ತು. ಟೇಪೂ ಸುಳ್ಳು ಹೇಳಿರಲಿಲ್ಲ, ಯಂತ್ರವೂ ಹೇಳಿರಲಿಲ್ಲ.

ಅವಳು ಅಂಗಿಯ ತೋಳು ಮೇಲೆತ್ತಿದಳು. ಪಟ್ಟಿ ಕಟ್ಟಿದ್ದ ಕಡೆ ಕೆಂಪು ಗೆರೆ ಎದ್ದಿತ್ತು. ಅಂಥ ಗೆರೆ ಅವಳಿಗೆ ಹೊಸದಲ್ಲ. ಬಿಗಿಯಾದ ತೋಳು ಹಾಕಿಕೊಂಡ ಯಾರ ಕೈಯ ಮೇಲೂ ಅದು ಏಳುತ್ತದೆ. ಹೊಲಿಗೆ ಬಿಟ್ಟುಹೋಗಲ್ವಾ ಎಂದಿದ್ದರು ಮಾಸ್ತರು. ಪಟ್ಟಿಯ ಅಂಟು ಬಿಟ್ಟುಹೋಗಿತ್ತು.

ಕೈಚೀಲದಲ್ಲಿದ್ದ ಟೇಪು ತೆಗೆದು ತೋಳಿಗೆ ಸುತ್ತಿದಳು. ಹದಿನಾರು ಕಾಲು ಇಂಚು. ಎದ್ದು ನರ್ಸಿನ ಮೇಜಿಗೆ ಹೋಗಿ ಪಟ್ಟಿಯನ್ನು ಕೈಗೆತ್ತಿಕೊಂಡಳು. ಒಳಮೈಯಲ್ಲಿ ಎರಡು ಗೆರೆ ಅಚ್ಚಾಗಿತ್ತು. ಸುತ್ತಿದಾಗ ಅಂಚು ಆ ಎರಡರ ನಡುವೆ ಬರಬೇಕು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳ ತೋಳಿನ ಮೇಲೆ ಅಂಚು ಮೊದಲ ಗೆರೆಯನ್ನೂ ಮುಟ್ಟಲಿಲ್ಲ.

"ಸಿಸ್ಟರ್, ಇದು ನನ್ನ ಸೈಜಲ್ಲ."

"ಎಲ್ಲರಿಗೂ ಇದೇ ಅಮ್ಮ. ಹನ್ನೆರಡು ವರ್ಷದಿಂದ ಕಟ್ತಿದೀನಿ."

"ನಾನು ಹನ್ನೊಂದು ವರ್ಷದಿಂದ ತೋಳೇ ಹೊಲೀತಿದೀನಿ. ಇದು ನನಗೆ ಆಗಲ್ಲ. ದೊಡ್ಡದು ಇಲ್ವಾ?"

"ಅತ್ತಿಗೆ, ಬನ್ನಿ ಸುಮ್ಮನೆ," ಎಂದು ನಾದಿನಿ ಮೊಣಕೈ ಹಿಡಿದಳು. "ಅದು ಅಂಗಿ ಅಲ್ಲ, ಮೆಷಿನ್ನು."

"ಹೂಂ," ಎಂದಳು ತೋಳಿನಕ್ಕ. ಪಟ್ಟಿಯನ್ನು ಮಾತ್ರ ಕೆಳಗಿಡಲಿಲ್ಲ.

ಗದ್ದಲ ಕೇಳಿ ಡಾಕ್ಟರಮ್ಮ ಹೊರಗೆ ಬಂದರು. ಪಟ್ಟಿ ನೋಡಿದರು, ತೋಳು ನೋಡಿದರು, ನರ್ಸಿನ ಮುಖ ನೋಡಿದರು. "ಮೇಲಿನ ವಾರ್ಡಲ್ಲಿ ದೊಡ್ಡದಿದೆ, ತಗೊಂಡು ಬನ್ನಿ," ಎಂದರು, ಮೆಲ್ಲಗೆ.

ದೊಡ್ಡ ಪಟ್ಟಿ ಗೆರೆಗಳ ನಡುವೆ ಸರಿಯಾಗಿ ಕೂತಿತು. ನೂರ ಮೂವತ್ತಾರು, ಎಂಬತ್ತಾರು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೂ ಹೆಚ್ಚುಕಮ್ಮಿ ಅದೇ. ಮೂತ್ರ ಪರೀಕ್ಷೆಯಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ.

"ಇವತ್ತು ದಾಖಲಾಗೋದು ಬೇಡ," ಎಂದರು ಡಾಕ್ಟರಮ್ಮ. "ಹಾಗಂತ ಗೆದ್ದೆ ಅಂದ್ಕೋಬೇಡ. ಕಣ್ಣಿಟ್ಟಿರಬೇಕಾದ ಬಿಪಿನೇ ಇದು. ವಾರ ವಾರ ಬಾ. ತಲೆನೋವು ಬಂದರೆ, ಕಣ್ಣು ಮಂಜಾದರೆ, ಮುಖ ಊದಿದರೆ, ಹೊಟ್ಟೆಯ ಮೇಲ್ಭಾಗ ನೋವಾದರೆ, ಮಗು ಒದೆಯೋದು ಕಮ್ಮಿ ಆದರೆ, ವಾರ ಅಂತ ಕಾಯಬೇಡ, ಅವತ್ತೇ ಬಾ."

"ಡಾಕ್ಟ್ರೇ, ನೂರ ಐವತ್ತೆಂಟೂ ನನ್ನದೇ, ನೂರ ಮೂವತ್ತಾರೂ ನನ್ನದೇ. ಎರಡರಲ್ಲಿ ನಿಜ ಯಾವುದು?"

"ತೋಳಿಗೆ ಸರಿಯಾಗಿ ಕೂತ ಪಟ್ಟಿ ಹೇಳಿದ್ದು. ಪಟ್ಟಿ ಚಿಕ್ಕದಾದರೆ ಬಿಪಿ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ."

"ಮತ್ತೆ ಊಟ?"

"ಅದನ್ನ ಮೊದಲ ದಿನವೇ ಹೇಳಿದ್ದೆ."

ಹೇಳಿದ್ದರು, ನಿಜ. ಅದರ ಮೇಲೆ ಎಷ್ಟು ಮಾತು ಬಿದ್ದಿತ್ತೆಂದರೆ ಅಡಿಯಲ್ಲಿದ್ದದ್ದು ಏನೆಂದು ಅವಳಿಗೆ ನೆನಪಿರಲಿಲ್ಲ. ಬೆಂಚಿಗೆ ಬಂದರೆ ಅತ್ತೆ, "ನೋಡಿದೆಯಾ, ಏನೂ ಇಲ್ಲ, ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣು," ಎಂದರು. ಹೂಂ ಎಂದಳು. ನಾದಿನಿ, "ಇವತ್ತಿಂದ ಉಪ್ಪೂ ಬಂದ್," ಎಂದಳು. ಹೂಂ ಎಂದಳು. ಯಾವುದಕ್ಕೆ ಹೂಂ ಅಂದೆ ಎಂದು ಆಗ ಕೇಳಿದ್ದರೆ ಹೇಳುತ್ತಿರಲಿಲ್ಲ.

ಫೈಲು ಹಿಂದಿರುಗಿಸಲು ನರ್ಸಿನ ಮೇಜಿಗೆ ಹೋದಳು. ಕೈಚೀಲದಿಂದ ಆ ಹಳೆಯ ಚೀಟಿ ತೆಗೆದು ಹಿಂಬದಿಗೆ ತಿರುಗಿಸಿ, ಬಟ್ಟೆಯ ಕಟ್ಟಿನ ಮೇಲೆ ಬರೆಯುವಂತೆ ದೊಡ್ಡದಾಗಿ ಬರೆದಳು: ತೋಳು ೧೬¼. ದೊಡ್ಡ ಪಟ್ಟಿ. ಬೇರೆ ಕಟ್ಟಬಾರದು. ಅಂಗಿಯ ಅಂಚಿನಲ್ಲಿ ಸಿಕ್ಕಿಸಿಕೊಂಡಿದ್ದ ಗುಂಡುಸೂಜಿ ಕಿತ್ತು, ಚೀಟಿಯನ್ನು ಫೈಲಿನ ಮೇಲೆ ಚುಚ್ಚಿದಳು.

"ಫೈಲಿಗೆ ಪಿನ್ನು ಚುಚ್ಚಬಾರದು," ಎಂದಳು ನರ್ಸು. "ತೆಗೀರಿ ಅದನ್ನ."

ತೋಳಿನಕ್ಕ ಹೂಂ ಎನ್ನಲಿಲ್ಲ. ಯಾರ ಬೆರಳಿಗೂ ತಾಕದಂತೆ ಸೂಜಿಯ ಮೊನೆಯನ್ನು ಹೆಬ್ಬೆರಳಿನಿಂದ ಒಳಕ್ಕೆ ಬಗ್ಗಿಸಿ, ಫೈಲನ್ನು ಮೇಜಿನ ಮೇಲಿಟ್ಟು, ಹೊರಟಳು.