ಪುಣೆಯಲ್ಲಿ ತೆರೆಯದೆ ಉಳಿದ ಲಕೋಟೆ

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ನಾನೂ ಶಾಂತವ್ವನೂ ಧಾರವಾಡದಿಂದ ಬೆಳಗಿನ ಬಸ್ಸಿಗೆ ಪುಣೆಗೆ ಹೊರಟೆವು. ನಮ್ಮ ಮಹಿಳಾ ಹೊಲಿಗೆ ಸಂಘಕ್ಕೆ ನಾನು ಅಧ್ಯಕ್ಷೆ. ಶಾಂತವ್ವ ಸಂಘ ಶುರುವಾದಂದಿನಿಂದ ಯಂತ್ರದ ಮುಂದೆ ಕೂತವಳು. ಶಾಲೆಗಳು ತೆರೆಯುವ ಮುಂಚೆ ಸಮವಸ್ತ್ರದ ಕೆಲಸ ಇರುತ್ತಿತ್ತು. ಅದು ಮುಗಿದರೆ ಯಂತ್ರಗಳಿಗೆ ಬಟ್ಟೆ ಹೊದಿಸಿಡುವುದೇ. ಹೆಂಗಸರು ಒಬ್ಬೊಬ್ಬರಾಗಿ ಕಟ್ಟಡದ ಕೂಲಿಗೆ ಹೋಗತೊಡಗಿದ್ದರು. ಪುಣೆಯ ಸರ್ಕಾರಿ ಆಸ್ಪತ್ರೆಗಳಿಗೆ ಚಾದರ ಮತ್ತು ದಿಂಬಿನ ಗವಸು ಪೂರೈಸುವ ಟೆಂಡರು ಪತ್ರಿಕೆಯಲ್ಲಿ ಕಂಡಿತ್ತು. ಸಿಕ್ಕರೆ ವರ್ಷವಿಡೀ ಕೆಲಸ. ಸಿಗದಿದ್ದರೆ ದೀಪಾವಳಿಯವರೆಗೂ ಸಂಘ ಉಳಿಯುವುದು ಕಷ್ಟವಿತ್ತು.

ಬೆಳಗಾವಿಯಲ್ಲಿ ಬಿಳಿ ಟೊಪ್ಪಿಗೆಯ ಒಬ್ಬರು ಹತ್ತಿ ನಮ್ಮ ಮುಂದಿನ ಸೀಟಿನಲ್ಲಿ ಕೂತರು. ನನ್ನ ತೊಡೆಯ ಮೇಲಿದ್ದ ಅರಗಿನ ಮುದ್ರೆಯ ಲಕೋಟೆಯನ್ನು ನೋಡಿ ನಕ್ಕರು.

“ದವಾಖಾನಿ ಚಾದರದ್ದೇನ್ರಿ, ಅಕ್ಕಾರ? ನಾನೂ ಅದಕ್ಕ ಹೊಂಟೀನಿ.”

ಅವರ ಹೆಸರು ಚಂದ್ರಪ್ಪ. ಬೆಳಗಾವಿಯ ವಡಗಾವಿಯಲ್ಲಿ ಮಗ್ಗಗಳನ್ನು ಇಟ್ಟವರು. ಪೈಪೋಟಿಗೆ ಬಂದವರೆಂದು ಮೊದಲು ಬಿಗಿಯಾಗಿಯೇ ಇದ್ದೆವು. ಆದರೆ ಕರಾಡದಲ್ಲಿ ಬಸ್ಸು ನಿಂತಾಗ ಅವರ ಬುತ್ತಿಯ ರೊಟ್ಟಿ, ನಮ್ಮ ಶೇಂಗಾ ಚಟ್ನಿ ಹಂಚಿಕೊಂಡು ಉಂಡೆವು. ಅರಿವೆ ಎಲ್ಲಿಂದ ತರುತ್ತೀರಿ ಎಂದು ಕೇಳಿದರು. ಬೆಟಗೇರಿಯ ಮಗ್ಗದವರಿಂದಲೇ ನೇರವಾಗಿ ತರುತ್ತೇವೆ, ನಡುವೆ ವ್ಯಾಪಾರಿಗಳಿಲ್ಲ ಎಂದು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಸಾತಾರಾ ದಾಟಿ ಖಂಬಾಟಕಿ ಘಾಟಿನಲ್ಲಿ ಲಾರಿಯೊಂದು ಕೆಟ್ಟು ನಿಂತು, ಮಳೆಯಲ್ಲಿ ಬಹಳ ಹೊತ್ತು ಕಾದೆವು. ಪುಣೆಯ ಸ್ವಾರಗೇಟ್ ನಿಲ್ದಾಣದಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಚಂದ್ರಪ್ಪನವರೇ ರಿಕ್ಷಾದವನೊಡನೆ ಮರಾಠಿಯಲ್ಲಿ ಚೌಕಾಸಿ ಮಾಡಿ ನಮ್ಮನ್ನು ಶಿವಾಜಿನಗರದ ಒಂದು ಹೋಟೆಲಿಗೆ ಕರೆತಂದರು. ಕೆಳಗೆ ಊಟ, ಮೇಲೆ ಕೋಣೆಗಳು. ಮಾಲೀಕರು ಕುಂದಾಪುರದ ಕಡೆಯವರು. “ಮಳೆಯಲ್ಲಿ ನೆಂದು ಬಂದಿದ್ದೀರಿ, ಮೊದಲು ಬಿಸಿ ಸಾರು ಕುಡಿಯಿರಿ. ಹೆಸರು ಆಮೇಲೆ ಬರೆದರಾಯಿತು,” ಎಂದರು.

ಮರುದಿನ ಮುಂಜಾನೆ ಟೆಂಡರಿನ ಕಚೇರಿಗೆ ನಡೆದೇ ಹೋದೆವು. ಮಧ್ಯಾಹ್ನದೊಳಗೆ ಲಕೋಟೆಯನ್ನು ಪೆಟ್ಟಿಗೆಗೆ ಹಾಕಬೇಕು, ಊಟದ ನಂತರ ಎಲ್ಲರ ಎದುರು ತೆರೆಯುತ್ತಾರೆ. ದೊಡ್ಡ ಲಕೋಟೆಯೊಳಗೆ ಎರಡು ಚಿಕ್ಕವು: ಒಂದರಲ್ಲಿ ಕಾಗದಪತ್ರ, ಇನ್ನೊಂದರಲ್ಲಿ ದರ. ಕಾಗದ ಸರಿ ಇದ್ದರೆ ಮಾತ್ರ ದರದ ಲಕೋಟೆ ಒಡೆಯುವುದು. ನಮ್ಮದನ್ನು ಪೆಟ್ಟಿಗೆಯ ಸೀಳಿನೊಳಗೆ ಬಿಟ್ಟಾಗ ಶಾಂತವ್ವ ಕಣ್ಣು ಮುಚ್ಚಿ ಕೈಮುಗಿದಳು.

ಕೋಣೆಗೆ ಬಂದು ಫೈಲನ್ನು ಚೀಲಕ್ಕೆ ಹಾಕುವಾಗ ಅದರೊಳಗಿಂದ ಒಂದು ಹಾಳೆ ಜಾರಿ ನೆಲಕ್ಕೆ ಬಿತ್ತು. ಶಾಂತವ್ವ ಎತ್ತಿಕೊಂಡು ನನ್ನತ್ತ ಹಿಡಿದಳು. ಮಾರಾಟ ತೆರಿಗೆ ಬಾಕಿ ಇಲ್ಲವೆಂಬ ಪ್ರಮಾಣಪತ್ರ. ಧಾರವಾಡದಲ್ಲಿ ಲಕೋಟೆ ಅಂಟಿಸುವ ಮುಂಚೆ ಇಬ್ಬರೂ ಎಣಿಸಿ ನೋಡಿದ್ದೆವು. ಅದು ಫೈಲಿನ ಪ್ಲಾಸ್ಟಿಕ್ಕಿಗೆ ಅಂಟಿ ಹೇಗೆ ಉಳಿಯಿತೋ ತಿಳಿಯದು.

ಛತ್ರಿ ಮರೆತು ಓಡಿದೆವು. ರೈಲು ಬಂದಿತ್ತೇನೋ, ನಿಲ್ದಾಣದ ಮುಂದೆ ಜನವೋ ಜನ. ಶಾಂತವ್ವ ಹಾಳೆಯನ್ನು ಸೆರಗಿನೊಳಗೆ ಒತ್ತಿಕೊಂಡಿದ್ದಳು. ಕಚೇರಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಜವಾನ ಸೀಳಿಗೆ ಕಾಗದ ಅಂಟಿಸಿ ಮುದ್ರೆ ಒತ್ತುತ್ತಿದ್ದ. “ಪೇಟಿ ಬಂದ್ ಝಾಲೀ, ಬಾಯಿ,” ಎಂದ, ತಲೆ ಎತ್ತದೆ.

ಊಟ ಮಾಡಲಿಲ್ಲ. ಒದ್ದೆ ಸೀರೆಯಲ್ಲೇ ಬೆಂಚಿನ ಮೇಲೆ ಕಾದೆವು.

ಅಧಿಕಾರಿ ದಪ್ಪ ಕನ್ನಡಕದ, ದಣಿದ ಮುಖದ ಮನುಷ್ಯ. ಮೊದಲು ತೆರೆದ ಲಕೋಟೆ ಪುಣೆಯವನೇ ಆದ ಒಬ್ಬ ವ್ಯಾಪಾರಿಯದು. ಠೇವಣಿಯ ಡ್ರಾಫ್ಟ್ ಇರಲಿಲ್ಲ. ಅಧಿಕಾರಿ ಮಾತಾಡದೆ ಕೆಂಪು ಗೆರೆ ಎಳೆದರು. ವ್ಯಾಪಾರಿ ಕುರ್ಚಿ ಸರಿಸಿ ಗೊಣಗುತ್ತ ಎದ್ದು ಹೋದ. ಎರಡನೆಯದು ನಮ್ಮದು. ಒಂದೊಂದೇ ಹಾಳೆ ಮಗುಚಿದರು. ಕೊನೆಗೆ ತಲೆ ಎತ್ತಿ ತೆರಿಗೆಯ ಪತ್ರ ಎಲ್ಲಿ ಎಂದು ಕೇಳಿದರು.

ನಾನು ಎದ್ದು ನಿಂತು ಹಾಳೆ ಮುಂದೆ ಚಾಚಿದೆ. ಬರುವ ಹರಕು ಮರಾಠಿಯಲ್ಲಿ ನಡೆದದ್ದನ್ನು ಹೇಳಿದೆ. ಅವರು ತಾರೀಖು, ಮೊಹರು ಎಲ್ಲ ನೋಡಿದರು. “ಪತ್ರ ಸರಿಯಾಗಿದೆ. ಠೇವಣಿ ಇಲ್ಲದಿದ್ದರೆ ನಾನೇನೂ ಮಾಡಲಾರೆ, ಇದು ಬೇರೆ,” ಎಂದು ಮರಾಠಿಯಲ್ಲೇ ಹೇಳಿದರು. “ಇಲ್ಲಿರುವವರೆಲ್ಲ ಒಪ್ಪಿ ಸಹಿ ಹಾಕಿದರೆ ಸೇರಿಸಿಕೊಳ್ಳುತ್ತೇನೆ. ಒಬ್ಬರು ಬೇಡವೆಂದರೂ ಆಗದು.”

ಉಳಿದವರು ಮೂವರು. ಸೊಲ್ಲಾಪುರದವರು ನಗುತ್ತ ಸಹಿ ಹಾಕಿದರು. ಹೆಂಗಸರ ಸಂಘ ತಮಗೇನು ಮಾಡೀತು ಎಂಬ ಧೈರ್ಯ ಆ ನಗುವಿನಲ್ಲಿತ್ತು. ಮುಂಬಯಿಯ ಏಜೆಂಟನೂ ಹಾಕಿದ. ಕಾಗದ ಚಂದ್ರಪ್ಪನವರ ಮುಂದೆ ಬಂತು. ನನಗೆ ಆಗಲೇ ಜೀವ ಬಂದಂತಾಗಿತ್ತು. ಅವರು ಪೆನ್ನು ತೆಗೆಯಲಿಲ್ಲ. ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು.

“ಮಾಝಾ ವಿರೋಧ ಆಹೇ, ಸಾಹೇಬ,” ಎಂದರು.

ಅಧಿಕಾರಿ ಅವರನ್ನು ಒಂದು ಕ್ಷಣ ನೋಡಿ ಕೆಂಪು ಪೆನ್ನು ಎತ್ತಿಕೊಂಡರು. ನಮ್ಮ ದರದ ಲಕೋಟೆ ಮುದ್ರೆ ಒಡೆಯದೆ ನನ್ನ ಕೈಗೆ ವಾಪಸು ಬಂತು. ಉಳಿದವರ ದರ ಓದಿದರು. ಎಲ್ಲಕ್ಕಿಂತ ಕಡಿಮೆ ಚಂದ್ರಪ್ಪನವರದು. ನಮ್ಮದು ಅದಕ್ಕಿಂತಲೂ ಕಡಿಮೆ ಇತ್ತು. ಶಾಂತವ್ವ ನನ್ನ ಮೊಣಕೈ ಹಿಡಿದ ಹಿಡಿತ ಇನ್ನೂ ನೆನಪಿದೆ.

ವರಾಂಡದಲ್ಲಿ ಚಂದ್ರಪ್ಪನವರು ನಮ್ಮ ಹಿಂದೆಯೇ ಬಂದರು.

“ನಮ್ಮ ರೇಟು ನಿಮಗಿಂತ ಕಡಿಮಿ ಇತ್ರಿ,” ಎಂದಳು ಶಾಂತವ್ವ.

“ಗೊತ್ತಿತ್ತವ್ವಾ. ಬೆಟಗೇರಿಯಿಂದ ನೇರ ತರ್ತೀವಿ ಅಂದಾಗಲೇ ಲೆಕ್ಕಾ ಹಾಕಿದ್ದೆ.” ಅವರು ನನ್ನತ್ತ ತಿರುಗಿದರು. “ಅಕ್ಕಾರ, ಹೋದ ವರ್ಷ ಇದೇ ಖೋಲಿಯೊಳಗ ನನ್ನ ಕಾಗದದಾಗ ಒಂದು ಸಹಿ ಬಿಟ್ಟುಹೋಗಿತ್ತು. ಯಾರೂ ಬಿಟ್ಟುಕೊಡಲಿಲ್ಲ. ಅರ್ಧ ಮಗ್ಗ ನಿಲ್ಲಿಸೀನಿ. ನಾ ಸುಮ್ನ ಸಹಿ ಹಾಕಿ ಊರಿಗೆ ಹೋಗಿ ನನ್ನ ಮಂದಿಗೆ ಏನ್ ಹೇಳ್ಲಿ?”

“ನಿನ್ನೆ ನಮ್ಮ ಜೋಡಿ ಉಂಡ್ರಿ,” ಎಂದೆ.

“ಹೌದ್ರಿ,” ಎಂದರು ಅವರು.

ಮರುದಿನ ಬೆಳಗಿನ ಬಸ್ಸಿನಲ್ಲಿ ಅವರೂ ಇದ್ದರು, ಹಿಂದಿನ ಸೀಟಿನಲ್ಲಿ. ಊರ ಕಡೆಗೆ ನೇರ ಬಸ್ಸು ಅದೊಂದೇ. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಊರಿನಲ್ಲಿ ಕಾಯುತ್ತಿದ್ದ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬರುತ್ತಿದ್ದವು.

ನಿಪ್ಪಾಣಿಯಲ್ಲಿ ಚಹಾಕ್ಕೆ ಇಳಿದಾಗ ಚಂದ್ರಪ್ಪನವರು ಹತ್ತಿರ ಬಂದರು. “ಮಗ್ಗ ಅದಾವ್ರಿ. ಗವಸು ಹೊಲಿಯೋ ಮಂದಿ ನನ್ನ ಹತ್ರ ಇಲ್ಲ, ಹೊರಗ ಕೊಡಬೇಕು. ನೀವು ಹೊಲೀತೀರೇನ್ರಿ?”

“ಬ್ಯಾಡ್ರಿ,” ಎಂದೆ. ನಮ್ಮದಾಗಬೇಕಿದ್ದ ಕೆಲಸದ ತುಣುಕನ್ನು ಅವರ ಕೈಯಿಂದಲೇ ಇಸಿದುಕೊಳ್ಳುವುದೇ?

ಶಾಂತವ್ವ ಚಹಾದ ಗ್ಲಾಸನ್ನು ಕೆಳಗಿಟ್ಟಳು. “ಅಕ್ಕಾರ, ನಿಮ್ಮ ಸಿಟ್ಟು ನನಗೂ ಐತಿ. ಆದ್ರ ಮಿಷನ್ ತುಳಿಯೋರು ನಾವು. ಬ್ಯಾಡ ಅನ್ನೂಕಿಂತ ಮೊದ್ಲ ನಮ್ಮನ್ನ ಕೇಳ್ರಿ.” ಆಮೇಲೆ ಅವರತ್ತ ತಿರುಗಿದಳು. “ಅರಿವಿ ನೋಡಬೇಕ್ರಿ. ಮಜೂರಿ ಎಷ್ಟಂತ ಬರದು ಕೊಡಬೇಕು. ಬಾಯಿಮಾತು ನಡ್ಯಾಂಗಿಲ್ಲ.”

“ಬರದ್ ಕೊಡ್ತೀನಿ. ಇವತ್ತ ಬಂದು ನೋಡ್ರಿ.”

ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಬೆಳಗಾವಿಯಲ್ಲಿ ಮಳೆ ನಿಂತಿತ್ತು. ಶಾಂತವ್ವ ಅವರೊಡನೆ ಇಳಿದು, ಕಿಟಕಿಯ ಕೆಳಗೆ ಬಂದು ನಿಂತಳು. “ನೀವು ಹೋಗ್ರಿ. ನಾಳೆ ಎಲ್ಲಾರೂ ಸಂಘಕ್ಕ ಬರ್ರಿ ಅಂತ ಹೇಳ್ರಿ. ಟೆಂಡರ್ ಹೋದದ್ದನ್ನೂ ಹೇಳ್ರಿ, ಮುಚ್ಚಿಡಬ್ಯಾಡ್ರಿ.”

ಬಸ್ಸು ಹೊರಟಿತು. ನಾನು ಕುತ್ತಿಗೆ ಹೊರಳಿಸಿ ನೋಡಿದೆ. ಚಂದ್ರಪ್ಪನವರು ಅವಳ ಚೀಲ ಹಿಡಿಯಲು ಕೈ ಚಾಚಿದರು. ಅವಳು ಕೊಡಲಿಲ್ಲ. ಚೀಲವನ್ನು ಹೆಗಲಿಗೇರಿಸಿಕೊಂಡು, ದಾರಿ ಗೊತ್ತಿದ್ದವಳಂತೆ ಅವರಿಗಿಂತ ಮುಂದೆ ನಡೆದಳು.