ಎರಡು ಶೋರೂಮುಗಳ ನಡುವೆ ಬಂಡೆಮ್ಮ

ಮೆಹದಿಪಟ್ಟಣಂನ ಕಾರು ಶೋರೂಮಿಗೆ ನಾನು ಕೆಲಸಕ್ಕೆ ಸೇರಿದ್ದು ಎರಡು ಸಾವಿರದ ಮೂರರ ದಸರಾ ಹೊತ್ತಿಗೆ. ಆಗ ಕಾರು ಕೊಂಡವರು ಕೀಲಿ ಕೈಗೆ ಬಂದ ಕೂಡಲೇ ಪಕ್ಕದ ಬೀದಿಯ ಹನುಮಂತನ ಗುಡಿಗೆ ಹೋಗುತ್ತಿದ್ದರು. ಗುಡಿಯ ಮುಂದೆ ಬಂಡೆಮ್ಮ ನಿಂಬೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿರುತ್ತಿದ್ದಳು. ಸೇಡಂ ಕಡೆಯವಳು. ಗಂಡನ ಜೊತೆ ಐಟಿ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು, ಸೊಂಟ ಸೋತ ಮೇಲೆ ಈ ವ್ಯಾಪಾರಕ್ಕೆ ಇಳಿದಿದ್ದಳು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಬೂದುಗುಂಬಳಕಾಯಿ ನಿವಾಳಿಸಿ ಒಡೆದು, "ಸುಖವಾಗಿ ಹೋಗಿ ಬರ್ರಿ" ಅನ್ನುವಳು.

ಆಗ ಕಾರು ನೋಡಲು ಮನೆಮಂದಿಯೆಲ್ಲ ಬರುತ್ತಿದ್ದರು. ಮಗ ಇಂಜಿನ್ನಿನ ಮಾತಾಡಿದರೆ, ತಂದೆ ಮೈಲೇಜು ಕೇಳುವರು, ತಾಯಿ ಹಿಂದಿನ ಸೀಟಿನಲ್ಲಿ ಕೂತು ಮಂಡಿ ತಾಗುತ್ತದೆಯೋ ನೋಡುವರು. ಎಲ್ಲ ಒಪ್ಪಿ, ಚಹಾ ಕುಡಿದು, ರಸ್ತೆಯಾಚೆ ಹೊಸದಾಗಿ ತೆರೆದಿದ್ದ ಇನ್ನೊಂದು ಕಂಪನಿಯ ಶೋರೂಮಿಗೆ ನಡೆದುಬಿಡುವರು! ಆ ಎದುರಿನವರು ಸ್ಟೀರಿಯೋ ಬಿಟ್ಟಿ ಕೊಟ್ಟರೆ ನಾವು ಸೀಟು ಕವರು ಕೊಟ್ಟೆವು. ಆಮೇಲೆ ಅವರು ಶೋರೂಮಿನೊಳಗೇ ಪುರೋಹಿತರನ್ನು ಕರೆಸಿ ಪೂಜೆ ಮಾಡಿಸತೊಡಗಿದರು. ನಮ್ಮ ಮ್ಯಾನೇಜರ್ ಗೋಪಿನಾಥ ಸರ್ "ನಾವೇನು ಮಾಡೋಣ, ಕೃಪಾ?" ಎಂದು ಚಡಪಡಿಸಿದರು. ನಾನು ಬಂಡೆಮ್ಮನ ಹೆಸರು ಹೇಳಿದೆ.

ತಿಂಗಳ ಸಂಬಳಕ್ಕೆ ಬಂದ ಬಂಡೆಮ್ಮ ಗಿರಾಕಿಗಳಿಗೆ ಎಷ್ಟು ಹಿಡಿಸಿದಳೆಂದರೆ, ಎದುರಿನವರ ಗಿರಾಕಿಗಳೂ ಅವಳನ್ನು ಕರೆಯತೊಡಗಿದರು. ಅವಳು ಬುಟ್ಟಿ ಎತ್ತಿಕೊಂಡು ಹೋಗಿಬಿಡುತ್ತಿದ್ದಳು.

"ಅವರ ಗಾಡಿಗೆಲ್ಲ ಹೋಗಬೇಡಮ್ಮ. ನೀನು ನಮ್ಮ ಶೋರೂಮಿನವಳು" ಎಂದರು ಗೋಪಿನಾಥ ಸರ್.

"ಹೊಸಾ ಗಾಡಿ ತಗೊಂಡು ಮನಿಗೆ ಹೋಗೋರು ಕರದ್ರ ಹ್ಯಾಂಗ ಒಲ್ಲೆ ಅನ್ಲಿರಿ, ಸಾಹೇಬ್ರ?"

ಮರುದಿನ ಅವಳು ಒಳಗೆ ಬರಲಿಲ್ಲ. ಎರಡೂ ಕಡೆಯ ಗಾಡಿಗಳು ಹಾಯುವ ತಿರುವಿನಲ್ಲಿ, ಬೇವಿನ ಮರದ ಕೆಳಗೆ ಕೂತಳು.

ಅಲ್ಲಿಗೆ ಒಂದು ದಿನ ಮೈಸೂರಿನ ಯಶವಂತ ಹೊಸ ಕಾರು ತಂದ. ಹೈಟೆಕ್ ಸಿಟಿಯಲ್ಲಿ ಐಟಿ ಕೆಲಸ ಮಾಡುವ ಹುಡುಗ. ನನ್ನ ಬಳಿ ಹತ್ತಾರು ಸಲ ವಿಚಾರಿಸಿ, ಕೊನೆಗೆ ಎದುರಿನವರ ಹತ್ತಿರ ಕೊಂಡಿದ್ದ. ಹೊಟ್ಟೆಯುರಿಯಿಂದಲೇ ನೋಡುತ್ತ ನಿಂತಿದ್ದೆ.

"ಅಮ್ಮನ್ನ ಮೊದಲು ಕೂರಿಸಬೇಕು ಅಂತಿತ್ತು. ಜ್ವರ ಬಂದು ಬರೋಕಾಗಲಿಲ್ಲ. ನೀವೇ ಕೂತ್ಕೊಳ್ಳಿ" ಎಂದು ಅವನು ಬಂಡೆಮ್ಮನಿಗೆ ಮುಂದಿನ ಬಾಗಿಲು ತೆರೆದ.

"ಒಲ್ಲೆಪ್ಪಾ, ಸೀರಿ ತುಂಬ ಮಣ್ಣೈತಿ."

"ಪರವಾಗಿಲ್ಲ, ಕೂತ್ಕೊಳ್ಳಿ."

ಅವಳು ಚಪ್ಪಲಿ ರಸ್ತೆಯಲ್ಲೇ ಬಿಟ್ಟು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅವರು ಸುತ್ತು ಹಾಕಿ ಬರುವ ತನಕ ನಾನು ಚಪ್ಪಲಿ ಕಾಯ್ದೆ.

"ಒಳಗ ಭಾಳ ಥಂಡ ಐತಿ, ಕೃಪವ್ವಾ!" ಇಳಿದವಳ ಕಣ್ಣು ಒದ್ದೆಯಾಗಿತ್ತು. "ಗುಡಿ ಮುಂದ ಹಾದ್ವಿ. ನಾ ದಿನಾ ಕುಂದರ್ತಿದ್ದ ಜಾಗಾ, ಕಣ್ಣಿಗೆ ಬೀಳೋದ್ರಾಗ ಹಿಂದ ಹೋತ ನೋಡು."

ಮುಂದೆ ರಸ್ತೆ ಅಗಲವಾಯಿತು, ಮರ ಹೋಯಿತು, ಎರಡೂ ಶೋರೂಮುಗಳು ಊರಾಚೆಗೆ ಹೋದವು. ಬಂಡೆಮ್ಮ ಜೀಡಿಮೆಟ್ಲಾದಲ್ಲಿ ಮಗಳು ರೇಣುಕಾಳ ಮನೆ ಸೇರಿದಳು. ಎಷ್ಟೋ ವರ್ಷದ ಮೇಲೆ ಕೋಠಿಯ ಬಸ್‌ಸ್ಟಾಪಿನಲ್ಲಿ ಸಿಕ್ಕಳು.

"ಈಗ ಯಾವ ಗಾಡಿ ಭಾಳ ಮಾರಾಟ ಆಗಾಕತ್ತಾವ?" ಅದೇ ಮೊದಲ ಪ್ರಶ್ನೆ.

ನಾನು ಹೇಳಿದ ಒಂದು ಹೆಸರೂ ಅವಳಿಗೆ ಗೊತ್ತಿರಲಿಲ್ಲ. ಇಬ್ಬರೂ ನಕ್ಕೆವು. ಅಷ್ಟರಲ್ಲಿ ಅವಳ ಬಸ್ಸು ಬಂತು. ಸೀಟು ಹಿಡಿಯಲೆಂದು ನನ್ನನ್ನು ಅಲ್ಲೇ ಬಿಟ್ಟು ಓಡಿದಳು.