ಲಿಫ್ಟಿದ್ದ ಮನೆಗೆ ಹೋದ ಅವ್ವ

ದಾವಣಗೆರೆಯಲ್ಲಿ ಲಿಫ್ಟು ಬಂದ ಮೊದಲ ವಸತಿ ಕಟ್ಟಡ ತಮ್ಮದೇ ಎಂದು ಅಣ್ಣ ಹೇಳುತ್ತಿದ್ದ. ನಾನು ಈಗಲೂ ನಂಬಿಲ್ಲ. ಹತ್ತಿಯ ಗೋದಾಮು ಕೆಡವಿ ಎಂಬತ್ತರ ದಶಕದಲ್ಲಿ ಎಬ್ಬಿಸಿದ ನಾಲ್ಕು ಮಹಡಿಗಳು. ನೆಲಕ್ಕೆ ಮೊಸಾಯಿಕ್, ಬಚ್ಚಲಿಗೆ ಬಿಳಿ ಟೈಲ್ಸ್, ಗೇಟಿನಲ್ಲಿ ಸಲಾಮು ಹೊಡೆಯುವ ಕಾವಲುಗಾರ. ಲಿಫ್ಟಿನೊಳಗೆ ಆಳೆತ್ತರದ ಕನ್ನಡಿಯಿತ್ತೆಂದು ನನ್ನ ನೆನಪು. ಇರಲೇ ಇಲ್ಲ ಎನ್ನುತ್ತಾನೆ ಅಣ್ಣ. ಹಾಗಾದರೆ ಮೇಲೇರುವಾಗ ನಾನು ಕಂಡ ಆ ಹುಳಿ ಮುಖ ಯಾರದು?

ಅಡಿಕೆ ವ್ಯಾಪಾರದ ಅಣ್ಣ ಎಸ್ಸೆಸ್ಸೆಲ್ಸಿ ದಾಟಿರಲಿಲ್ಲ. ಎಂ.ಎ. ಮಾಡಿದ ನಾನು ಹೊನ್ನಾಳಿಯ ಕಾಲೇಜಿನಲ್ಲಿ ಪಾಠ ಹೇಳುತ್ತ, ಹೆಂಚು ಸೋರುವ ಬಾಡಿಗೆ ಮನೆಯಲ್ಲಿದ್ದೆ. ಆದರೆ ಅವ್ವ ನನ್ನ ಜೊತೆಗಿದ್ದಳು. ಅಣ್ಣನ ಬಳಿ ಇಲ್ಲದ್ದು ಅದೊಂದೇ. ಹೊಸ ಮನೆ ನೋಡಲು ಹೋದವಳು ತಿಂಗಳಾದರೂ ಬಾರದಿದ್ದಾಗ ಕರೆತರಲು ಹೊರಟೆ.

ಹೋದ ಸಂಜೆಯೇ ನನ್ನ ಅದೃಷ್ಟ ಖುಲಾಯಿಸಿತು. ಎದುರು ಮನೆಯ ಡಾಕ್ಟರ ಹೆಂಡತಿ ಬಟ್ಟಲು ಹಿಡಿದು ಬಂದು, ಹಾಲಿಗೆ ಹೆಪ್ಪು ಹಾಕಲು ಒಂದು ಚಮಚ ಮೊಸರು ಕೇಳಿದರು. ಅವ್ವ ಆಗಷ್ಟೇ ದೇವರ ಮುಂದೆ ದೀಪ ಹಚ್ಚಿದ್ದಳು.

“ದೀಪ ಹಚ್ಚಿದ ಮ್ಯಾಲೆ ಹೆಪ್ಪು ಹೊರಗೆ ಕೊಡಾಕೆ ಬರಾದಿಲ್ಲ ನೋಡ್ರವ್ವಾ.”

ಆಕೆ ಖಾಲಿ ಬಟ್ಟಲಿನೊಂದಿಗೆ ಹಿಂದಿರುಗಿದರು. ಅತ್ತಿಗೆಗೆ ಅಳುವೇ ಬಂತು. “ಅತ್ತೀ, ಇದು ನಿಮ್ಮ ಹಳ್ಳಿ ಸಂತೇಬೆನ್ನೂರಲ್ಲ. ನಾಳೆ ಅವರ ಮುಖ ಹೆಂಗೆ ನೋಡ್ಲಿ?”

“ಊರು ಯಾವ್ದಾದ್ರೇನು, ಮೊಸರು ಮೊಸರೇ ಅಲ್ಲೇನೆ?”

ಶಾಸ್ತ್ರ, ಶಕುನ ಒಂದನ್ನೂ ಒಪ್ಪದ ನಾನು ಅಂದು ಅವ್ವನ ಪರ ನಿಂತೆ. “ಅವ್ವ ಹೇಳಿದ್ರಾಗೆ ತಪ್ಪೇನೈತೆ? ಇಲ್ಲಿ ಆಕೆಗೆ ಹೊಂದಾದಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಕರ್ಕೊಂಡು ಹೋಗ್ತೀನಿ.”

ಅಣ್ಣ ನಕ್ಕ. “ಎಂ.ಎ. ಓದಿದ್ದು ಇದಕ್ಕೇನಲೇ?”

ಬೆಳಿಗ್ಗೆ ಚೀಲ ಹಿಡಿದು ಸಿದ್ಧನಾದರೆ ಅವ್ವ ಮನೆಯಲ್ಲಿಲ್ಲ. ಎದುರಿನ ಬಾಗಿಲು ತೆರೆದಿತ್ತು; ಒಳಗೆ ನಗು. ಸಂಜೆ ಕೊಡಲಾಗದ ಮೊಸರನ್ನು ಹೊತ್ತು ಹುಟ್ಟುತ್ತಲೇ ತಂಬಿಗೆ ತುಂಬ ಒಯ್ದು, ಡಾಕ್ಟರ ಮನೆಯ ಸೋಫಾದ ಮೇಲೆ ಕಾಲು ಮಡಚಿ ಕೂತು ಕಾಫಿ ಕುಡಿಯುತ್ತಿದ್ದಳು. ಸುತ್ತ ಮೇಲಿನ ಮಹಡಿಯ ಹೆಂಗಸರು.

“ಬಸ್ಸಿಗೆ ಹೊತ್ತಾತವ್ವಾ.”

“ನೀ ಹೋಗಪ್ಪಾ. ಇವರೂ ಹೆಪ್ಪು ಕೇಳ್ಯಾರೆ. ನಾಳೆ ಕೊಡ್ತೀನಂತ ಮಾತು ಕೊಟ್ಟೀನಿ.”

ಆ ‘ನಾಳೆ’ ಒಂದು ವರ್ಷ ನಡೆಯಿತೋ, ಎರಡು ವರ್ಷವೋ. ಅಣ್ಣನ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಅಂದು ಒಬ್ಬನೇ ಕೆಳಗಿಳಿದು ಬಂದಾಗ ಕಾವಲುಗಾರ ಎದ್ದು ನಿಂತ.

“ಅಜ್ಜೀನ ಕರ್ಕೊಂಡು ಹೋಗಾಕೆ ಬಂದೋರು ನೀವೇ ಏನ್ರೀ? ಸದ್ಯ, ಬಿಟ್ಟು ಹೊಂಟ್ರಲ್ಲ!”

ಅವನಿಗೂ ಅವ್ವನ ಮಜ್ಜಿಗೆ ಸಿಗುತ್ತಿದ್ದಿರಬೇಕು.